ಮೂರು ಗೀರಿನ ಬೆಣೆ

“ಒಂದು ಕಾಲು ಗಿಡ್ಡ ಐತೆ ಕಣ್ರಪ್ಪಾ, ಹಲಗೆ ಅಲ್ಲಾಡ್ತೈತೆ. ಅದರ ಕೆಳಗೆ ಕೊಡಾಕೆ ಒಂದು ಕಟ್ಟಿಗೆ ಚೂರು ತರ್ರಿ!”

ಅಂಗಳದ ಪರದೆಯ ಆಚೆಯಿಂದ ಯಾರೋ ಕೂಗಿದರು. ಮುರ್ತುಜಾಸಾಬನ ಮೈ ತೊಳೆಯಲು ಮಸೀದಿಯಿಂದ ತಂದ ಹಲಗೆ ಅದು. ಹೊರಗೆ ನಿಂತಿದ್ದ, ಸತ್ತವನ ಕೈಯಲ್ಲೇ ಕೆಲಸ ಕಲಿತ ಗಿಡ್ಡಪ್ಪ ಸುತ್ತಮುತ್ತ ಹುಡುಕಿದ. ಏನೂ ಸಿಗದೆ ಪಡಸಾಲೆಗೆ ನುಗ್ಗಿ, ಮೂಲೆಯಲ್ಲಿದ್ದ ಹತಾರದ ಪೆಟ್ಟಿಗೆಗೆ ಕೈ ಹಾಕಿದ. ಕಾಂಕ್ರೀಟು ಮೇಸ್ತ್ರಿಯಾಗಿದ್ದವನ ಪೆಟ್ಟಿಗೆಯಲ್ಲಿ ಕಟ್ಟಿಗೆ ಚೂರಿಗೆ ಏನು ಬರ?

“ಅದನ್ನ ಮುಟ್ಟಬ್ಯಾಡ್ರಿ!”

ಕೂಗಿದವಳು ಸತ್ತವನ ಹೆಂಡತಿ ಅಖ್ತರ್‌ಬೀ. ಬೆಳಗಿನಿಂದ ದನಿಯೇ ಇಲ್ಲದವಳಂತೆ ಕೂತಿದ್ದವಳು ಎದ್ದು ಬಂದು ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು. ಬೀಗದಕೈ ಸೊಂಟದಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡಳು. ಗಿಡ್ಡಪ್ಪ ಪೆಚ್ಚಾಗಿ ಒಂದು ಹಂಚಿನ ಚೂರು ಎತ್ತಿಕೊಂಡು ಹೊರಗೆ ಹೋದ.

ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದ ಚೌಡಮ್ಮ ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡಿದಳು. ಚೌಡಮ್ಮನಿಗೆ ಅನುಮಾನವೆಂದರೆ ಎಲೆಅಡಿಕೆ ಇದ್ದ ಹಾಗೆ, ಊಟ ಬಿಟ್ಟಾಳು, ಅದನ್ನು ಬಿಡಳು. ಸವಳಂಗದಿಂದ ನ್ಯಾಮತಿಗೆ ನಸುಕಿನಲ್ಲೇ ನಡೆದು ಬಂದಿದ್ದು ಅಳುವುದಕ್ಕಲ್ಲ. ತನ್ನ ಗಂಡನನ್ನು ಕೊಂದವನು ಮಣ್ಣಿಗೆ ಹೋಗುವ ಮುಂಚೆ ನಿಜ ಏನೆಂದು ತಿಳಿಯಬೇಕಿತ್ತು. ಎಂಟು ವರ್ಷ ಅವನು ಬಾಯಿ ಬಿಟ್ಟಿರಲಿಲ್ಲ. ಈಗಂತೂ ಬಿಡುವ ಹಾಗಿಲ್ಲ. ಆದರೆ ಪೆಟ್ಟಿಗೆ ಇದೆಯಲ್ಲ!

* * *

ಎಂಟು ವರ್ಷದ ಹಿಂದೆ ಹೊನ್ನಾಳಿ ದಾರಿಯ ಹಳ್ಳಕ್ಕೆ ಸೇತುವೆ ಕಟ್ಟುತ್ತಿದ್ದರು. ಮುರ್ತುಜಾಸಾಬ ಮೇಸ್ತ್ರಿ, ಚೌಡಮ್ಮನ ಗಂಡ ಗಾದ್ರಪ್ಪ ಕಾಂಕ್ರೀಟು ಕುಟ್ಟುವವನು, ಚೌಡಮ್ಮ ಬಾಣಲಿ ಹೊರುವವಳು. ಮೇಸ್ತ್ರಿ ಎಂದರೆ ಹೆಂಗಸರಿಗೆಲ್ಲ ಉರಿ. ಕಲಸುವಾಗ ಒಂದು ತಂಬಿಗೆ ನೀರು ಹೆಚ್ಚು ಸುರಿದರೆ ಕಾಂಕ್ರೀಟು ಬಾಣಲಿಯಿಂದ ತಾನೇ ಜಾರುತ್ತದೆ, ಹೊರುವವರ ರಟ್ಟೆಗೆ ಸುಖ. ಮೇಸ್ತ್ರಿ ಅದನ್ನು ಬೆರಳಲ್ಲಿ ಹಿಸುಕಿ ನೋಡಿ, “ಇದೇನು ಅಂಬಲಿ ಕುಡಿಯಾಕೆ ಮಾಡೀರೇನು?” ಎಂದು ಅಷ್ಟನ್ನೂ ಹಳ್ಳಕ್ಕೆ ಸುರಿಸುತ್ತಿದ್ದ. ಬಸುರಿಯರನ್ನು ಏಣಿ ಹತ್ತಲು ಬಿಡುತ್ತಿರಲಿಲ್ಲ. ಕಾಂಕ್ರೀಟು ಹಾಕುವಾಗ ಅದನ್ನು ಹೊತ್ತ ಹಲಗೆಯ ಕೆಳಗೆ ನಾಯಿ ನಿಂತರೂ ಕಲ್ಲು ಬೀರಿ ಓಡಿಸುತ್ತಿದ್ದ.

ಎಲ್ಲಕ್ಕಿಂತ ಹೆಚ್ಚು ರಗಳೆ ಬೆಣೆಯದು. ಹಲಗೆ ಹೊತ್ತ ಪ್ರತಿ ಕಂಬದ ಬುಡಕ್ಕೂ ಕಂಬ ಜಾರದಂತೆ ಎರಡೆರಡು ಮರದ ಬೆಣೆ ಎದುರುಬದುರಾಗಿ ಹೊಡೆಸುತ್ತಿದ್ದ. ಒಂದೊಂದಕ್ಕೂ ಉಳಿಯಿಂದ ಮೂರು ಗೀರು, ಗೀರಿನ ಮೇಲೆ ಕೆಮ್ಮಣ್ಣು. “ಒಲೆಗೆ ಹೋಗೋ ಕಟ್ಟಿಗೆ ಯಾವುದು, ಸೇತುವೆ ಹೊರೋ ಕಟ್ಟಿಗೆ ಯಾವುದು ಅಂತ ಕುರುಡರಿಗೂ ಗೊತ್ತಾಗಬೇಕು,” ಎನ್ನುತ್ತಿದ್ದ. ಕೆಲಸದ ಜಾಗದ ಒಂದು ಚಕ್ಕೆ ಯಾರ ಒಲೆಯಲ್ಲಿ ಕಂಡರೂ ಗಡಿಗೆ ಸಮೇತ ಒದೆಯುತ್ತಿದ್ದ. ದಿನಾ ಬೆಳಿಗ್ಗೆ ಕೆಳಗೆ ತೆವಳಿಕೊಂಡು ಹೋಗಿ ಪ್ರತಿ ಬೆಣೆಯನ್ನೂ ಸುತ್ತಿಗೆಯಿಂದ ಎರಡು ಸಲ ಬಡಿದು ಕಿವಿ ಕೊಡುತ್ತಿದ್ದ. ಬಿಗಿಯಾಗಿದ್ದರೆ ಒಂದು ಸದ್ದು, ಸಡಿಲವಾಗಿದ್ದರೆ ಇನ್ನೊಂದು. ಆಮೇಲೇ ಕೆಲಸ.

ಅವತ್ತು ಹಿಂದಿನ ದಿನವೆಲ್ಲ ಸುರಿದ ಮಳೆ ಬಿಟ್ಟಿತ್ತು. ಮತ್ತೆ ಸುರಿದೀತೆಂದು ಓವರ್ಸಿಯರು ಗಡಿಯಾರ ಹಿಡಿದು ಅವಸರ ಮಾಡುತ್ತಿದ್ದ. ಗಾದ್ರಪ್ಪನಿಗೆ ಜ್ವರ. ಚೌಡಮ್ಮ ಸೇತುವೆ ಪಕ್ಕದ ಗುಡಿಸಲಲ್ಲಿ ತೊಯ್ದ ಕಟ್ಟಿಗೆಯ ಜೊತೆ ಗುದ್ದಾಡಿ ಹೇಗೋ ಒಲೆ ಹತ್ತಿಸಿ, ಬಿಸಿ ಗಂಜಿ ಕುಡಿಸಿ ಅವನನ್ನು ಕೆಲಸಕ್ಕೆ ಎಬ್ಬಿಸಿದಳು. ಹೊತ್ತು ಮಾರುದ್ದ ಏರುವಷ್ಟರಲ್ಲಿ ಸೇತುವೆಯ ಮೂಡಣ ತುದಿಯ ಕಂಬ ಜಾರಿತು. ಹಲಗೆ, ಕಬ್ಬಿಣ, ಹಸಿ ಕಾಂಕ್ರೀಟು ಎಲ್ಲದರ ಜೊತೆ, ಅಲ್ಲೇ ನಿಂತು ಕುಟ್ಟುತ್ತಿದ್ದ ಗಾದ್ರಪ್ಪನೂ ಹೋದ.

ವಿಚಾರಣೆಯಲ್ಲಿ ಮುರ್ತುಜಾಸಾಬ ಹೇಳಿದ್ದು ಒಂದೇ ಮಾತು. “ಅವತ್ತು ಬೆಣೆ ಬಡಿದು ನೋಡಲಿಲ್ಲ. ತಪ್ಪು ನನ್ನದು.”

ಇಷ್ಟು ಸಲೀಸಾಗಿ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರೆಯೇ? ದೊಡ್ಡದನ್ನು ಮುಚ್ಚಿಡುವವರು ಮಾತ್ರ ಚಿಕ್ಕದನ್ನು ಒಪ್ಪಿಕೊಳ್ಳುತ್ತಾರೆ ಎಂದು ಚೌಡಮ್ಮ ತೀರ್ಮಾನಿಸಿದಳು. ಬೇರೆ ಕಂಬಕ್ಕೆ ಬೇಕೆಂದು ಮೇಸ್ತ್ರಿಯೇ ಬೆಣೆ ಕೀಳಿಸಿದ ಎಂದು ಜನ ಆಡಿಕೊಂಡರು. ಗಲಾಟೆಯ ನಡುವೆ ಅವನು ಏನನ್ನೋ ಕೋಟಿನೊಳಗೆ ಬಚ್ಚಿಟ್ಟಿದ್ದನ್ನು ಗಿಡ್ಡಪ್ಪ ಕಣ್ಣಾರೆ ಕಂಡಿದ್ದ.

* * *

“ಮೇಸ್ತ್ರಿಕೆ ಹೋದ್ಮ್ಯಾಲೆ ನನ್ನ ಕೈಕೆಳಗೇ ನೀರು ಹಾಕೋ ಕೆಲಸಕ್ಕೆ ಬಂದ ಕಣವ್ವ,” ಎಂದ ಗಿಡ್ಡಪ್ಪ, ಹೊಸ್ತಿಲ ಪಕ್ಕ ಕುಕ್ಕರಗಾಲಲ್ಲಿ ಕೂತು. “ನಂಗೆ ಕೆಲಸ ಕಲಿಸಿದವನು. ಕೊಡ ಹೊತ್ಕಂಡು ಬಂದು, ಕಾಂಕ್ರೀಟಿನ ಮ್ಯಾಲೆ ಹುಲ್ಲು ಹಾಸಿ, ಕೂಸಿಗೆ ಎರೆದಂಗೆ ನೀರು ಎರೀತಿದ್ದ. ನಾನು ಬೆಣೆ ನೋಡಿದ್ರೂ ಹಿಂದಿಂದ ಬಂದು ಇನ್ನೊಂದ್ಸಲ ನೋಡೋನು. ಒಂದಿನಾನೂ ಮುಖ ಗಂಟು ಹಾಕಲಿಲ್ಲ.”

“ಪಾಪ ಮಾಡಿದೋನು ತಗ್ಗಿ ನಡೀದೆ ಏನು ಮಾಡ್ತಾನೆ?”

“ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ನಿನ್ನ ಮನೆಗೆ ಒಣ ಸೌದೆ ಹೊಡಿಸ್ತಿದ್ನಲ್ಲ, ಅದು?”

“ಗಂಡನ್ನ ತಿಂದು ಸೌದೆ ಕೊಟ್ಟ. ಅದನ್ನೇ ಕೇಳ್ತೀನಿ ನಾನು. ಯಾಕೆ ಕೊಟ್ಟ?” ಚೌಡಮ್ಮನ ದನಿ ಏರಿತು. ಆ ಸೌದೆಯನ್ನು ಅವಳು ಬೈದುಕೊಳ್ಳುತ್ತಲೇ ಉರಿಸಿದ್ದಳು. ಎಸೆಯುವಷ್ಟು ಸ್ಥಿತಿವಂತಳಾಗಿರಲಿಲ್ಲ.

ಮೈ ತೊಳೆದು ಬಿಳಿ ಬಟ್ಟೆ ಸುತ್ತಿ, ಹೆಣ ಹೊರುವ ನಾಲ್ಕು ಕಾಲಿನ ಜನಾಜದಲ್ಲಿ ಮಲಗಿಸಿ, ಅಂಗಳದಲ್ಲಿ ಇಳಿಸಿದರು. ಮಸೀದಿಯ ಹಿರಿಯ ಜಹಾಂಗೀರ್ ಸಾಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಈ ಮನುಷ್ಯನಿಂದ ಯಾರಿಗಾದ್ರೂ ನೋವಾಗಿದ್ರೆ ದೊಡ್ಡ ಮನಸ್ಸು ಮಾಡಿ ಮಾಫ್ ಮಾಡ್ರಿ. ಆ ಭಾರ ಹೊತ್ಕಂಡು ಹೋಗೋದು ಬ್ಯಾಡ.”

“ಮಾಫ್ ಮಾಡೀವಿ,” ಎಂದರು ಎಲ್ಲರೂ. ಆಮೇಲೆ ಅಷ್ಟೂ ಜನದ ಕಣ್ಣು ಚೌಡಮ್ಮನ ಮೇಲೆ ಬಿತ್ತು.

ಅಖ್ತರ್‌ಬೀ ಬಂದು ಅವಳ ಎರಡೂ ಕೈ ಹಿಡಿದಳು. “ಒಂದು ಮಾತು ಅನ್ನು ಚೌಡಕ್ಕ. ನೀನು ಅನ್ನದಿದ್ರೆ ಇವರೆಲ್ಲ ಅಂದಿದ್ದಕ್ಕೆ ಅರ್ಥ ಇಲ್ಲ.”

“ಪೆಟ್ಟಿಗೆ ತೆಗಿ. ಆಮ್ಯಾಲೆ ಅಂತೀನಿ.”

“ಬ್ಯಾಡ. ಮಾತು ಕೊಟ್ಟೀನಿ ಅವರಿಗೆ.”

“ಹಂಗಾದ್ರೆ ಹೊತ್ಕಂಡೇ ಹೋಗಲಿ.”

ಅಖ್ತರ್‌ಬೀ ಒಮ್ಮೆ ಜನಾಜದ ಕಡೆ ನೋಡಿದಳು, ಒಮ್ಮೆ ಚೌಡಮ್ಮನ ಮುಖ ನೋಡಿದಳು. ಕೊಟ್ಟ ಮಾತು ಉಳಿಸಿದರೆ ಗಂಡನಿಗೆ ಮಾಫಿ ಇಲ್ಲ. ಮಾಫಿ ಬೇಕೆಂದರೆ ಮಾತು ಮುರಿಯಬೇಕು. ಕೊನೆಗೆ ಸೊಂಟದಿಂದ ಬೀಗದಕೈ ಬಿಚ್ಚಿ, ಚೌಡಮ್ಮನನ್ನು ಒಳಗೆ ಕರೆದೊಯ್ದು ಪಡಸಾಲೆಯ ಕದ ಎಳೆದುಕೊಂಡಳು.

“ನೋಡಿದ್ಮ್ಯಾಲೆ ನನ್ನ ಬೈಬ್ಯಾಡ,” ಎಂದಳು.

ಉಳಿ, ಸುತ್ತಿಗೆ, ತೂಗುಗುಂಡು. ಅವುಗಳ ಅಡಿಯಲ್ಲಿ ಹಳೆಯ ಕೋಟಿನ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಚೌಡಮ್ಮ ಗೆದ್ದವಳ ಹಾಗೆ ಅದನ್ನು ಬಿಚ್ಚಿದಳು. ಒಂದು ಬೆಣೆ. ಅರ್ಧ ಸುಟ್ಟು ಕರಕಲಾಗಿತ್ತು. ಸುಡದೆ ಉಳಿದ ಅರ್ಧದಲ್ಲಿ ಮೂರು ಗೀರು, ಗೀರಿನಲ್ಲಿ ಕೆಮ್ಮಣ್ಣು.

“ಇದನ್ನ ಯಾರು ಸುಟ್ಟಿದ್ದು?”

ಅಖ್ತರ್‌ಬೀ ನೆಲ ನೋಡುತ್ತ ಇಷ್ಟೇ ಹೇಳಿದಳು: “ಕಂಬದ ಬುಡದಾಗೆ ಒಂದೇ ಬೆಣೆ ಇತ್ತಂತೆ. ಇನ್ನೊಂದನ್ನ ಹುಡುಕ್ಕೋತ ಹೋದ್ರಂತೆ. ನೀನು ಗಾದ್ರಪ್ಪನ ತಲೆ ತೊಡೆ ಮ್ಯಾಲೆ ಇಟ್ಕಂಡು ಕೂತಿದ್ಯಂತೆ. ನಿನ್ನ ಒಲೆ ಇನ್ನೂ ಉರೀತಿತ್ತಂತೆ.”

* * *

ಆ ಬೆಳಗಿನ ಜಾವ ಇನ್ನೂ ಮಬ್ಬು. ಕಟ್ಟಿಗೆಯೆಲ್ಲ ತೊಯ್ದಿತ್ತು, ಹೊಗೆಯಲ್ಲದೆ ಉರಿಯಿಲ್ಲ. ಗಾದ್ರಪ್ಪ ಕಂಬಳಿಯೊಳಗೆ ನಡುಗುತ್ತಿದ್ದ. ಮಳೆ ತಾಗದ ಜಾಗವೆಂದರೆ ಸೇತುವೆಯ ಹಲಗೆಯ ಕೆಳಗೆ ಮಾತ್ರ. ಚೌಡಮ್ಮ ಅಲ್ಲಿ ನುಗ್ಗಿ ಕೈಯಾಡಿಸಿದಳು. ಮೂಡಣ ತುದಿಯ ಕಂಬದ ಬುಡದಲ್ಲಿ ಒಂದು ಒಣ ತುಂಡು ಸಿಕ್ಕಿತು. ಮಳೆನೀರಿಗೆ ನೆಲ ಕುಸಿದು ಅದು ಸಡಿಲವಾಗಿತ್ತು. ಎಳೆದರೆ ಬಂತು. ಬಿದ್ದ ಚಕ್ಕೆ ಇರಬೇಕೆಂದು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದಳು. ಗಡಿಗೆಗೆ ಒದೆ ಬಿದ್ದೀತೆಂಬ ಭಯ ಒಂದೇ ಅವಳಿಗೆ. ಉರಿ ಭಗ್ಗನೆ ಎದ್ದಾಗ ಎಷ್ಟು ಹಿಗ್ಗಿದ್ದಳು! ಅಂಗೈ ಕೆಂಪಾಗಿತ್ತು. ಮಳೆಯ ಕೆಸರೆಂದು ತೊಳೆದುಕೊಂಡಳು.

ಎಂಟು ವರ್ಷದಲ್ಲಿ ಆ ಗಂಜಿಯ ನೆನಪು ಎಷ್ಟೋ ಸಲ ಬಂದಿತ್ತು. ಅದರ ಕೆಳಗಿನ ಉರಿಯ ನೆನಪು ಒಮ್ಮೆಯೂ ಬಂದಿರಲಿಲ್ಲ.

* * *

“ಆಕಿಗೆ ಗೊತ್ತಾದ್ರೆ ಬದುಕಲ್ಲ ಅಂದ್ರು,” ಎಂದಳು ಅಖ್ತರ್‌ಬೀ. “ಬಡಿದು ನೋಡೋದು ನನ್ನ ಕೆಲಸ ಆಗಿತ್ತು, ಆಕಿದಲ್ಲ ಅಂದ್ರು.”

ಚೌಡಮ್ಮನಿಗೆ ಅಳಬೇಕೆನಿಸಿತು, ಅಳು ಬರಲಿಲ್ಲ. ವರ್ಷಾ ವರ್ಷಾ ಮನೆ ಮುಂದೆ ಬಂದು ಬೀಳುತ್ತಿದ್ದ ಆ ಒಣ ಸೌದೆಯೇ ಕಣ್ಣ ಮುಂದೆ ಬಂತು. ಬೆಣೆ ಹಿಡಿದುಕೊಂಡೇ ಅಂಗಳಕ್ಕೆ ಬಂದಳು.

ಎಲ್ಲರೂ ಕಾಯುತ್ತಿದ್ದರು. ಗಿಡ್ಡಪ್ಪ ಅವಳ ಕೈಯಲ್ಲಿದ್ದುದನ್ನು ಕಂಡು ಹತ್ತಿರ ಸರಿದ. “ಏನು ಸಿಕ್ತು ಚೌಡಕ್ಕ? ಅವನೇ ಕೀಳಿಸಿದ್ದೇನು?”

“ಅವನಲ್ಲ ಕಣೋ ಗಿಡ್ಡಪ್ಪ,” ಎಂದಳು ಚೌಡಮ್ಮ. ಅವನನ್ನು ದಾಟಿ ಜನಾಜದ ಕಡೆ ನಡೆದಳು.

ಜನಾಜ ಇಟ್ಟ ಕಡೆ ನೆಲ ಏರುಪೇರಾಗಿತ್ತು. ತಲೆಯ ಕಡೆಯ ಒಂದು ಕಾಲು ನೆಲ ಮುಟ್ಟದೆ, ಯಾರ ಕೈ ತಾಗಿದರೂ ಅಲುಗುತ್ತಿತ್ತು. ಹೆಂಗಸು ಅಷ್ಟು ಹತ್ತಿರ ಬರಬಾರದೆಂದು ಯಾರೋ ಗೊಣಗಿದರು. ಜಹಾಂಗೀರ್ ಸಾಬರು ಕೈ ಎತ್ತಿ ಅವರನ್ನು ತಡೆದರು. ಚೌಡಮ್ಮ ಮಂಡಿಯೂರಿ ಕೂತು, ಸುಟ್ಟ ಬೆಣೆಯನ್ನು ಆ ಕಾಲಿನ ಕೆಳಗೆ ತೂರಿಸಿ ಒತ್ತಿದಳು. ಅಲುಗುವುದು ನಿಂತಿತು.

“ಮಾಫ್ ಮಾಡು ಮೇಸ್ತ್ರಿ,” ಎಂದಳು.

ಮಾಫ್ ಎಂಬುದಷ್ಟೇ ಕಿವಿಗೆ ಬಿದ್ದು, ಅವಳು ಮಾಫ್ ಮಾಡಿದಳೆಂದೇ ಜನ ತಿಳಿದರು. ಎತ್ತಲು ಮುಂದೆ ಬಂದರು. ಅವಳು ಏಳಲಿಲ್ಲ. ಅಂಗೈಯಿಂದ ಬೆಣೆಯನ್ನು ಎರಡು ಸಲ ಬಡಿದು, ತಲೆ ಬಗ್ಗಿಸಿ ಕಿವಿ ಕೊಟ್ಟಳು. ಅಂಗೈಗೆ ಕೆಮ್ಮಣ್ಣು ಹತ್ತಿತ್ತು.