ಮಾವಿನ ಸೊಪ್ಪು ಕಟ್ಟಿದ ದೋಣಿ

ನಾನು ಒಂದು ದೋಣಿ. ಮೊದಲು ಮಾವಿನ ಮರವಾಗಿದ್ದೆ. ಕೇತಕಿ ಹೊಳೆಯ ದಂಡೆಯಲ್ಲಿ ಆಚಾರಿಯೊಬ್ಬ ನನ್ನ ಕಾಂಡವನ್ನು ಬಾಚಿಯಿಂದ ತೋಡಿ, ಒಳಗೂ ಹೊರಗೂ ಮೀನೆಣ್ಣೆ ಬಳಿದು, ಜಟ್ಟು ಅಂಬಿಗನಿಗೆ ಒಪ್ಪಿಸಿದ. ದೋಣಿ ತನ್ನ ಯಜಮಾನನನ್ನು ಪಾದಗಳಿಂದ ಗುರುತಿಸುತ್ತದೆ. ಜಟ್ಟುವಿನ ಹಿಮ್ಮಡಿ ಬಿರುಕು ಬಿಟ್ಟಿತ್ತು, ಬೆರಳುಗಳು ಅಗಲವಾಗಿದ್ದವು. ಅವನು ನಿಂತರೆ ನಾನು ಓಲಾಡುತ್ತಿರಲಿಲ್ಲ.

ಕೇತಕಿಗೆ ಎಲ್ಲಿಯೂ ಅಣೆಕಟ್ಟು ಇರಲಿಲ್ಲ. ಘಟ್ಟದಿಂದ ಇಳಿದ ನೀರು ತಡೆಯಿಲ್ಲದೆ ಸಮುದ್ರ ಸೇರುತ್ತಿತ್ತು. ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆಯಲ್ಲಿ ಚಿಪ್ಪಿ ಬೆಳೆಯುತ್ತಿತ್ತು. ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಅದನ್ನು ಹೆಕ್ಕುತ್ತಿದ್ದರು. ಜಟ್ಟುವಿನ ಮಗಳು ಸೋಮಿಯ ಮನೆ ನಡೆಯುತ್ತಿದ್ದುದು ಅದರಿಂದಲೇ.

ಆಸ್ಪತ್ರೆಗೆ ಹೊಳೆಯಲ್ಲಿ ಮೇಲಕ್ಕೆ, ಪೇಟೆಗೆ ಹೋಗಬೇಕಿತ್ತು. ಹೆರಿಗೆ ನೋವು ಬಂದವಳನ್ನು ನನ್ನಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ನನ್ನ ಮೂತಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದರು. ಸೊಪ್ಪು ಕಂಡ ಕೂಡಲೇ ಉಳಿದ ದೋಣಿಗಳವರು ಬಲೆ ಬಿಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನೋವಿನಲ್ಲಿರುವ ಹೆಣ್ಣನ್ನು ನೋಡಬಾರದು. ನೋಡದೆಯೇ "ಸುಸೂತ್ರ ಆಗ್ಲಿ" ಎಂದು ಹರಸಬೇಕು. ಆ ಹೊಳೆಯ ಮೇಲೆ ಬರೆಯದೆ ನಡೆದು ಬಂದ ಕಾನೂನು ಅದೊಂದೇ.

ಜಟ್ಟು ತೀರಿಕೊಂಡ ಮೇಲೆ ನಾನು ಅವನ ತಂಗಿಯ ಮಗ ವಾಮನನ ಪಾಲಾದೆ. ಅದೇ ಸುಮಾರಿಗೆ ಒಂದು ಕಂಪನಿ ಹೊಳೆಯ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಲು ಹೊರಟಿತು. ಮಳೆಗಾಲಕ್ಕೆ ಮೊದಲು ತಳದ ಬಂಡೆಯನ್ನು ಕೊರೆದು ಮಾದರಿ ತೆಗೆಯದಿದ್ದರೆ ಅದರ ಅನುಮತಿ ರದ್ದಾಗುತ್ತಿತ್ತು. ಊರವರು ಹೊಳೆ ರಕ್ಷಣಾ ಸಮಿತಿ ಮಾಡಿಕೊಂಡರು. ಚೆನ್ನಾಗಿ ಮಾತಾಡುತ್ತಿದ್ದ ವಾಮನನೇ ಅಧ್ಯಕ್ಷನಾದ. ಗಂಡಸರು ರಸ್ತೆಗೆ ಅಡ್ಡ ಕೂತರು. ಹೆಂಗಸರು ಹೊಳೆಯ ಅಡ್ಡಕ್ಕೆ ತೆಂಗಿನ ನಾರಿನ ಹಗ್ಗ ಬಿಗಿದು ದೋಣಿಗಳಲ್ಲಿ ಕಾವಲು ನಿಂತರು.

ಒಮ್ಮೆ ಕಂಪನಿಯ ಇಂಜಿನಿಯರು ಲಾಂಚಿನಲ್ಲಿ ಹಗ್ಗದವರೆಗೂ ಬಂದ.

"ಸಾಯೇಬ್ರೇ, ಚಿಪ್ಪಿ ಬೇಕಾ? ಸಾರು ಮಾಡಿಕೊಡ್ತೆವು," ಎಂದಳು ಸೋಮಿ. "ಹೊಳೆ ಒಂದು ಕೇಳ್ಬೇಡಿ. ಅದು ಮಾರೂದಕ್ಕಿಲ್ಲ."

ಹೆಂಗಸರೆಲ್ಲ ನಕ್ಕರು. ಲಾಂಚು ಹಿಂದಿರುಗಿತು. ವಾಮನನೂ ನನ್ನ ಮೇಲೆ ನಿಂತು ನಕ್ಕ. ಅವನ ಕಾಲಿನ ಹೆಬ್ಬೆರಳು ಮಾತ್ರ ನನ್ನ ತಳವನ್ನು ಒತ್ತಿ ಹಿಡಿದಿತ್ತು.

ಆಕಾಶದಲ್ಲಿ ಮೋಡ ಕಾಣಿಸಿಕೊಂಡ ದಿನಗಳು. ಒಂದು ಬೆಳಿಗ್ಗೆ ವಾಮನ ನನ್ನನ್ನು ಕೆಳಗಿನ ತಿರುವಿಗೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಮರೆಗೆ ಒಯ್ದ. ಅಲ್ಲಿ ಕಂಪನಿಯ ಇಬ್ಬರು ಕೊರೆಯುವ ಯಂತ್ರದ ಬಿಡಿಭಾಗಗಳನ್ನೂ ಕಬ್ಬಿಣದ ಕೊಳವೆಗಳನ್ನೂ ನನ್ನೊಳಗೆ ಜೋಡಿಸಿ ಕಂಬಳಿ ಹೊದಿಸಿದರು. ತುಂಬು ಗರ್ಭಿಣಿಯಾಗಿದ್ದ ತನ್ನ ಹೆಂಡತಿ ರೇವತಿಯನ್ನು ವಾಮನ ಅದರ ಮೇಲೆ ಮಲಗಿಸಿದ. ನನ್ನ ಮೂತಿಗೆ ಮಾವಿನ ಸೊಪ್ಪು ಕಟ್ಟಿದ.

"ಹಗ್ಗದ ಹತ್ರ ಬಂದಾಗ ಸ್ವಲ್ಪ ನರಳು," ಎಂದ.

ರೇವತಿ ನರಳಲಿಲ್ಲ, ಅತ್ತಳು. ಅಷ್ಟೇ ಸಾಕಾಯಿತು.

ನನ್ನ ಅಂಚು ನೀರನ್ನು ಮುಟ್ಟುವಷ್ಟು ತಗ್ಗಿತ್ತು. ಒಬ್ಬ ಬಸುರಿಯ ಭಾರಕ್ಕೆ ದೋಣಿ ಹಾಗೆ ತಗ್ಗುವುದಿಲ್ಲ. ಅಲ್ಲಿದ್ದವರಲ್ಲಿ ಯಾರೊಬ್ಬರು ನೋಡಿದ್ದರೂ ತಿಳಿಯುತ್ತಿತ್ತು. ಸೊಪ್ಪು ಕಂಡಿತು, ಎಲ್ಲರೂ ಬೆನ್ನು ತಿರುಗಿಸಿದರು. ಸೋಮಿ ನಮ್ಮತ್ತ ನೋಡದೆಯೇ ಹಗ್ಗ ಎತ್ತಿ ಹಿಡಿದಳು.

"ಹೆದರಬೇಡ್ವೇ ರೇವತಿ, ಸುಸೂತ್ರ ಆಗ್ಲಿ!"

ಸುಸೂತ್ರವಾಗಿಯೇ ಆಯಿತು. ಕೊರೆಯುವ ಸದ್ದು ಕೇಳಿ ಊರವರು ಕಾಡಿನ ದಾರಿ ಹಿಡಿದು ಮೇಲೆ ತಲುಪುವ ಹೊತ್ತಿಗೆ ಬಂಡೆಯ ಮಾದರಿ ನಗರಕ್ಕೆ ಹೊರಟುಹೋಗಿತ್ತು. ಹಗ್ಗ ದಾಟಿದ ದೋಣಿ ಒಂದೇ. ಸೋಮಿ ಬಂದು ನನ್ನೊಳಗೆ ಬಗ್ಗಿದಳು. ಕಬ್ಬಿಣ ಗೀರಿದ ಗಾಯದ ಮೇಲೆ, ಗ್ರೀಸಿನ ಕಲೆಯ ಮೇಲೆ ಅವಳ ಬೆರಳು ಆಡಿತು.

"ಬಾವಾ, ಇದು ಎಂತದು?"

ವಾಮನ ಸುಳ್ಳು ಹೇಳಲಿಲ್ಲ. "ಹೊಳೆ ಇವತ್ತಲ್ಲ ನಾಳೆ ಹೋತದೆ, ಸೋಮಿ. ಅವರದ್ದು ಇಂಜಿನ್ ದೋಣಿ ಓಡಿಸೂ ಕೆಲಸ ನಂಗೇ ಅಂದ್ರು. ಎಲ್ರೂ ನಿಂತು ನೋಡೂದಕ್ಕಿಂತ ಒಬ್ಬನಾದ್ರೂ ಬದುಕ್ಲಿ."

"ನಾವು ನಿಂತು ನೋಡ್ಲಿಲ್ಲ ಬಾವಾ," ಎಂದಳು ಸೋಮಿ. "ನೋಡಿದ್ರೆ ನೀ ದಾಟ್ತಾ ಇರ್ಲಿಲ್ಲ."

ಇನ್ನಷ್ಟು ಯಂತ್ರ ಹೋಗದಿರಲೆಂದು ಹಗ್ಗವನ್ನು ಬಿಚ್ಚಿರಲಿಲ್ಲ. ಕೆಲವೇ ದಿನಗಳಲ್ಲಿ ರೇವತಿಗೆ ನಿಜವಾಗಿ ನೋವು ಬಂತು. ವಾಮನ ಸೊಪ್ಪು ಕಟ್ಟಿ ನನ್ನನ್ನು ಮೇಲಕ್ಕೆ ನಡೆಸಿದ. ಹಗ್ಗದ ಬಳಿ ಯಾರೂ ಬೆನ್ನು ತಿರುಗಿಸಲಿಲ್ಲ. ಯಾರೂ ಹರಸಲಿಲ್ಲ. ಸೋಮಿ ನನ್ನ ಅಂಚು ಹಿಡಿದು ನಿಲ್ಲಿಸಿ ಕಂಬಳಿ ಎತ್ತಿದಳು.

"ನೋಡೇ ಸೋಮಿ," ಎಂದಳು ರೇವತಿ, ಹಲ್ಲು ಕಚ್ಚಿಕೊಂಡು. "ಸರಿಯಾಗಿ ನೋಡು."

ಸೋಮಿ ನೋಡಿದಳು. ಕಬ್ಬಿಣವಿದೆಯೇನೋ ಎಂದು ರೇವತಿಯ ಕಾಲಡಿಗೂ ಕೈ ಹಾಕಿ ತಡವಿದಳು. ಆಮೇಲೆ ಹಗ್ಗ ಎತ್ತಿದಳು.

ಅಣೆಕಟ್ಟು ಎದ್ದಿತು. ಅಳಿವೆಗೆ ಸಿಹಿನೀರು ಬರುವುದು ಕಡಿಮೆಯಾಯಿತು, ಚಿಪ್ಪಿ ಸತ್ತಿತು. ಸೋಮಿ ಈಗ ದೂರದ ಬಂದರಿನಲ್ಲಿ ಮೀನು ಒಣಗಿಸುತ್ತಾಳೆಂದು ಕೇಳಿದ್ದೇನೆ. ವಾಮನನಿಗೆ ಇಂಜಿನ್ ದೋಣಿಯ ಕೆಲಸ ಸಿಕ್ಕಿತು. ನನ್ನನ್ನು ಅವನು ಕಂಪನಿಯ ಅತಿಥಿಗೃಹಕ್ಕೆ ಕೊಟ್ಟ. ನನ್ನೊಳಗೆ ಮಣ್ಣು ತುಂಬಿ ಬಣ್ಣದೆಲೆಯ ಗಿಡ ನೆಟ್ಟಿದ್ದಾರೆ. ಅಡಿಭಾಗ ಗೆದ್ದಲಿಗೆ ಹೋಗಿದೆ. ನೀರು ತಾನು ಹೊತ್ತವರನ್ನೇ ಮುಳುಗಿಸುವುದನ್ನು ನಾನು ಕಂಡಿದ್ದೇನೆ, ಅದರ ಮೇಲೆ ನನಗೆ ದೂರಿಲ್ಲ. ನನ್ನನ್ನು ತಗ್ಗಿಸಿದ್ದು ನೀರಲ್ಲ.

ಅತಿಥಿಗೃಹದ ಅಡುಗೆ ಈಗ ರೇವತಿಯದು. ಒಂದು ಮಧ್ಯಾಹ್ನ ಅವಳ ಮಗಳು ನನ್ನ ಅಂಚಿನ ಮೇಲೆ ಕುಳಿತು ಕಾಲಾಡಿಸುತ್ತ ಕೇಳಿದಳು:

"ಅಮ್ಮಾ, ನಾ ಹುಟ್ಟೂದಕ್ಕೆ ಇದೇ ದೋಣೀಲಿ ಹೋದದ್ದಾ?"

"ಹೌದು."

"ಆಗ ಎಲ್ರೂ ಬೆನ್ನು ತಿರುಗ್ಸಿ ನಿಲ್ಲೂದಂತೆ? ಅಜ್ಜಿ ಹೇಳ್ತದೆ."

ರೇವತಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಇಲ್ಲ ಮಗಾ. ನೀ ಬರೂವಾಗ ಎಲ್ರೂ ನೋಡ್ತಾ ಇದ್ರು."