ಶಂಕರನಾರಾಯಣಕ್ಕೆ ವಿಸಿಡಿ ಬಂದ ಬಗೆ

ವಿಸಿಡಿ ಅಂದ್ರೆ ಎಂತದ್ದು ಅಂತ ನಮ್ಮ ಊರು ಶಂಕರನಾರಾಯಣದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಜಂಬಕ್ಕೆ ಹೇಳುವುದಲ್ಲ ಮಾರಾಯ್ರೆ, ಈಗಲೂ ಹೊಟ್ಟೆ ಉರಿಯುತ್ತದೆ, ಅದಕ್ಕೆ ಹೇಳುವುದು. ತೊಂಬತ್ತೊಂಬತ್ತನೇ ಇಸವಿ. ಕುಂದಾಪುರದ ಒಂದು ಟಿವಿ ಅಂಗಡಿಗೆ ಹೋದವನು ಅಲ್ಲಿ ಹಪ್ಪಳದಷ್ಟು ತೆಳ್ಳಗಿನ ತಟ್ಟೆಯೊಂದನ್ನು ಮಿಷನ್ ಒಳಗೆ ಹಾಕುವುದು ಕಂಡೆ. ಪರದೆಯ ಮೇಲೆ ಗೆರೆ ಇಲ್ಲ, ಚುಕ್ಕೆ ಇಲ್ಲ, ಹಿಂದೆ ಮುಂದೆ ಓಡಿಸಿದರೆ ಕಿರ್ರೋ ಅನ್ನುವುದಿಲ್ಲ. ಒಂದು ಗಂಟೆ ನಿಂತು ಕಂಡೆ. ಅಂಗಡಿಯವನು ಎರಡು ಸಲ ಕೆಮ್ಮಿದ, ನಾನು ಕದಲಲಿಲ್ಲ.

ಆಗ ನಮ್ಮದು ಬಸ್‌ಸ್ಟ್ಯಾಂಡಿನ ಹತ್ತಿರ ವಿಡಿಯೊ ಲೈಬ್ರರಿ. ನಮ್ಮದು ಅಂದರೆ ಅಣ್ಣ ಪ್ರೇಮಾನಂದನದ್ದು ಮತ್ತು ನನ್ನದು. ನಾನು ಪ್ರವೀಣ್. ಅಪ್ಪ ಅಮ್ಮ ಇಬ್ಬರೂ ಹೋದಾಗ ನನಗೆ ಎಂಟು ವರ್ಷ. ಅಣ್ಣ ಮುಂಬೈ ಹೋಟೆಲಿನಲ್ಲಿ ಲೋಟ ತೊಳೆದು ನನ್ನನ್ನು ಸಾಕಿದವನು. ಊರಿಗೆ ಬಂದು ಅಂಗಡಿ ಹಾಕಿದಾಗಲೂ ಕೌಂಟರಿನಲ್ಲಿ ಎರಡು ಕುರ್ಚಿ ಹಾಕಿಸಿದ್ದ, ಒಂದು ನನಗೆ. ಆರುನೂರು ಕ್ಯಾಸೆಟ್ಟು ಇತ್ತು. ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದನ್ನು ಬಿಚ್ಚಿ, ರೀಲನ್ನು ಬಟ್ಟೆಯಲ್ಲಿ ಒರೆಸಿ, ತುಂಡಾದಲ್ಲಿ ಬ್ಲೇಡಿನಿಂದ ಕೊಯ್ದು ಅಂಟಿಸುತ್ತಾ ಕೂತರೆ ಅವನಿಗೆ ಊಟದ ನೆನಪೂ ಆಗುತ್ತಿರಲಿಲ್ಲ.

ಅಂಗಡಿಯ ಕ್ರಮ ಒಂದಿತ್ತು. ಕ್ಯಾಸೆಟ್ಟು ಬೇಕಾದವರು ರೇಷನ್ ಕಾರ್ಡು ಕೊಟ್ಟು ಹೋಗಬೇಕು. ಕ್ಯಾಸೆಟ್ಟು ಮಾತ್ರ ಗಿರಾಕಿಗೆ, ಡಬ್ಬಿ ನಮ್ಮಲ್ಲೇ. ಆ ಖಾಲಿ ಡಬ್ಬಿಯೊಳಗೆ ಕಾರ್ಡು ಮಡಚಿಟ್ಟು ಎಡಗಡೆಯ ಶೆಲ್ಫಿನಲ್ಲಿ ಇಡುವುದು. ಎಷ್ಟೋ ಮನೆಯವರು ತಿಂಗಳಿಡೀ ಕಾರ್ಡು ನಮ್ಮಲ್ಲೇ ಬಿಟ್ಟು ಕ್ಯಾಸೆಟ್ಟು ಬದಲಿಸುತ್ತಾ ಇರುತ್ತಿದ್ದರು. ಸೊಸೈಟಿಗೆ ಅಕ್ಕಿ, ಸೀಮೆಎಣ್ಣೆ ಬಂದ ದಿನ ಮಾತ್ರ ಕೇಳಿಕೊಂಡು ಬರುವುದು.

ವಿಸಿಡಿ ತರುವ ಅಂತ ನಾನು ಅಣ್ಣನಿಗೆ ಎರಡು ತಿಂಗಳು ಹೇಳಿದೆ. ಅವನ ವಾದ ದಡ್ಡ ವಾದವಾಗಿರಲಿಲ್ಲ, ಈಗ ಒಪ್ಪುತ್ತೇನೆ. ಯಾರ ಮನೆಯಲ್ಲೂ ಮಿಷನ್ ಇಲ್ಲದ ಮೇಲೆ ತಟ್ಟೆ ಕೊಡುವುದು ಯಾರಿಗೆ, ಒಂದು ಉಗುರು ಗೀರಿದರೆ ಅದು ಸತ್ತಂತೆ, ರೀಲಾದರೆ ನಾನು ಜೋಡಿಸುತ್ತೇನೆ, ಎರಡು ವರ್ಷ ಕಾಯುವ, ಬೇರೆಯವರು ಕೈ ಸುಟ್ಟುಕೊಳ್ಳಲಿ ಅನ್ನುತ್ತಿದ್ದ. ಮೊದಲು ತಂದವನ ಅಂಗಡಿಗೇ ಜನ ಹೋಗುವುದು, ಎರಡು ವರ್ಷ ಕಾದರೆ ನಾವು ನೊಣ ಹೊಡೆಯುತ್ತಾ ಕೂರುವುದು ಅಂತ ನಾನು. ಕೊನೆಗೆ ಅವನು, ಆ ಮಿಷನ್ ಅಂಗಡಿಯೊಳಗೆ ಬಂದ ದಿನ ನಾನು ಮುಂಬೈ ಬಸ್ಸು ಹತ್ತುತ್ತೇನೆ ಅಂದ. ಅದು ಬಾರದಿದ್ದರೆ ನಾನು ಬ್ರಹ್ಮಾವರದಲ್ಲಿ ಬೇರೆ ಅಂಗಡಿ ಹಾಕುತ್ತೇನೆ ಅಂದೆ. ಬಾಯಿಗೆ ಬಂದದ್ದು ಹೇಳಿದ್ದು, ಅಷ್ಟೆ. ಅವನನ್ನು ಬಿಟ್ಟರೆ ನನಗೆ ಭೂಮಿಯ ಮೇಲೆ ಯಾರಿದ್ದರು? ಆದರೆ ಸೋಲುವುದೂ ನನಗೆ ಬೇಡವಾಗಿತ್ತು.

ಒಂದು ಸಂಜೆ ಗಿರಾಕಿಗಳ ಎದುರೇ ನಾನು ಅವನಿಗೆ, ನೀನು ಮುಂಬೈಯಲ್ಲಿ ಲೋಟ ತೊಳೆದದ್ದು ಬಿಟ್ಟರೆ ಎಂತ ಕಂಡಿದ್ದೀ ಅಂದೆ. ಅವನು ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಅಂದಿತು. ಕೈಗೆ ಸಿಕ್ಕಿದ ಕ್ಯಾಸೆಟ್ಟು ಎತ್ತಿ ಬೀಸಿದೆ. ಅದರ ಮೂಲೆ ಅವನ ಹಣೆಗೆ ತಾಗಿ ಚರ್ಮ ಬಿರಿದು ರಕ್ತ ಕಣ್ಣಿಗೆ ಇಳಿಯಿತು. ಅಂಗಡಿಯ ಹಿಂದೆಯೇ ಇದ್ದ ನಮ್ಮ ಮನೆಯಿಂದ ಅಣ್ಣನ ಹೆಂಡತಿ ಸರೋಜತ್ತಿಗೆ ಓಡಿ ಬಂದು ಗಾಯಕ್ಕೆ ಕಾಫಿಪುಡಿ ಒತ್ತಿ ಹಿಡಿದರು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣನ ಹಣೆಗೆ ನಾಲ್ಕು ಹೊಲಿಗೆ ಬಿತ್ತು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಅವನು ಹಣೆಗೆ ಪಟ್ಟಿ ಕಟ್ಟಿಕೊಂಡೇ ಬೈಂದೂರಿಗೆ ಹೊರಟು ಹೋದ. ಯಾಕೆ ಅಂತ ಅತ್ತಿಗೆಯನ್ನು ಕೇಳಿದೆ. ಅಲ್ಲಿ ಒಂದು ಲೈಬ್ರರಿ ಮುಚ್ಚುತ್ತಾ ಇದೆಯಂತೆ, ಅದರ ಕ್ಯಾಸೆಟ್ಟು ಪೂರಾ ಇವನು ಕೊಳ್ಳುವುದಂತೆ. ನನಗೆ ತಲೆ ಕೆಟ್ಟುಹೋಯಿತು. ಊರೆಲ್ಲ ಎಸೆಯುವ ಕಸವನ್ನು ಈ ಮನುಷ್ಯ ಹೊತ್ತುಕೊಂಡು ಬರುತ್ತಾನೆ! ಕ್ಯಾಸೆಟ್ಟು ಅನ್ನುವುದೇ ಇಲ್ಲದಿದ್ದರೆ ಇವನು ಎಂತ ವಾದ ಮಾಡುತ್ತಾನೆ ಕಾಣುವ ಅಂತ ಎದ್ದೆ.

ಎಡಗಡೆಯ ಶೆಲ್ಫಿನಿಂದಲೇ ಶುರು ಮಾಡಿದೆ. ಬಾಚಿ ಬಾಚಿ ಗೋಣಿಗೆ ತುಂಬಿದೆ, ಅಂಗಡಿಯ ಹಿಂದಿನ ಹೊಂಡಕ್ಕೆ ಸುರಿದೆ, ಲಾಟೀನಿನ ಸೀಮೆಎಣ್ಣೆ ಹೊಯ್ದು ಕಡ್ಡಿ ಗೀರಿದೆ. ಭಗ್ಗ ಅಂತ ಎದ್ದಿತು. ಪ್ಲಾಸ್ಟಿಕ್ ಕುದಿದು ಹಾರಿ ನನ್ನ ಪಾದಕ್ಕೆ ಅಂಟಿತು, ಎಳೆದರೆ ಚರ್ಮವೂ ಬಂತು. ನೋವಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು. ಅತ್ತಿಗೆ ಕೊಡಪಾನದಲ್ಲಿ ನೀರು ತಂದರು, ಅದನ್ನು ಕಿತ್ತು ಕಲ್ಲಿಗೆ ಬಡಿದೆ. ಅವರು ನನ್ನ ಶರ್ಟು ಹಿಡಿದು ಜಗ್ಗಿದಾಗ ದೂಡಿದೆ, ಬಿದ್ದರು.

ಹತ್ತು ಗಂಟೆಗೆ ಗಿರಿಜಕ್ಕ ಕೈಯಲ್ಲಿ ಕ್ಯಾಸೆಟ್ಟು ಹಿಡಿದು ಬಂದರು. ಸೊಸೈಟಿಗೆ ಅಕ್ಕಿ ಬಂದಿದೆ, ಕಾರ್ಡು ಕೊಡು ಮಾರಾಯ ಅಂದರು. ನಾನು ಎಡಗಡೆಗೆ ಕೈ ಚಾಚಿದೆ. ಬರೀ ಹಲಗೆ ತಾಗಿತು.

ಆ ಕಾರ್ಡುಗಳನ್ನು ಒಂದೊಂದಾಗಿ ಮಡಚಿ ಡಬ್ಬಿಗೆ ಹಾಕಿದ್ದು ಇದೇ ಕೈ. ಮೂವತ್ತೆಂಟು ಮನೆಯದ್ದು. ಆಗ ಆ ಕಾರ್ಡು ಇಲ್ಲದಿದ್ದರೆ ಅಕ್ಕಿ ಇಲ್ಲ, ಎಣ್ಣೆ ಇಲ್ಲ, ಯಾವ ಆಫೀಸಿನಲ್ಲೂ ನಿನ್ನನ್ನು ಯಾರು ಅಂತ ಕೇಳುವವರಿಲ್ಲ. ಹಿಂದೆ ಓಡಿ ಹೊಂಡಕ್ಕೆ ಕೈ ಹಾಕಿದೆ. ಕೈ ಸುಟ್ಟಿತು. ಸಿಕ್ಕಿದ್ದು ಕರ್ರಗಿನ ಮುದ್ದೆ.

ಹನ್ನೊಂದಕ್ಕೆ ಅಂಗಡಿಯ ಎದುರು ನಲವತ್ತು ಜನ. ಜೀಪು ಓಡಿಸುವ ಭೋಜ ಕೌಂಟರು ಹಾರಿ ಬಂದು ನನ್ನ ಕುತ್ತಿಗೆ ಹಿಡಿದು ಹೊರಗೆ ಎಳೆದ. ಅವನಿಗೆ ನಾಲ್ಕು ಮಕ್ಕಳು, ಬಾಣಂತಿ ಹೆಂಡತಿ. ಯಾರೋ ಸೊಂಟಕ್ಕೆ ಒದ್ದರು, ಯಾರೋ ಕೂದಲು ಹಿಡಿದು ಮುಖವನ್ನು ಡಾಂಬರಿಗೆ ಉಜ್ಜಿದರು. ಹಲ್ಲೊಂದು ನಾಲಿಗೆಯ ಮೇಲೆ ಬಂತು. ಟಿವಿಯ ಗಾಜು ಒಡೆದ ಶಬ್ದ ಕೇಳಿತು. ತೆಂಗಿನಕಾಯಿ ಕೀಳುವ ಸೂರ ಸೊಂಟದ ಕತ್ತಿ ತೆಗೆದು, ಬೆಂಕಿ ಕೊಟ್ಟ ಕೈ ಯಾವುದು ಅಂತ ಕೇಳುತ್ತಾ ನನ್ನ ಮಣಿಕಟ್ಟಿನ ಮೇಲೆ ಕಾಲಿಟ್ಟು ನಿಂತ. ಅವನು ತಮಾಷೆ ಮಾಡುತ್ತಾ ಇರಲಿಲ್ಲ.

ಅದೇ ಹೊತ್ತಿಗೆ ಬಸ್ಸು ಬಂತು. ಅಣ್ಣ ತಲೆಯ ಮೇಲೆ ಗೋಣಿ ಹೊತ್ತು ಇಳಿದ. ಜನ ಅವನಿಗೆ ದಾರಿ ಬಿಟ್ಟರು, ಆದದ್ದನ್ನು ನಾಲ್ಕು ಬಾಯಿ ಒಟ್ಟಿಗೆ ಹೇಳಿದವು. ಅವನು ಗೋಣಿ ಇಳಿಸಿದ, ಹಣೆಯ ಪಟ್ಟಿ ಸರಿಮಾಡಿಕೊಂಡ, ಒಳಗೆ ಹೋಗಿ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ತಂದ. ಸೂರನನ್ನು ಎದೆಗೆ ಕೈ ಇಟ್ಟು ಹಿಂದೆ ದೂಡಿದ.

"ಇಂವ ನನ್ ತಮ್ಮ. ಯಾರೂ ಮುಟ್ಟುಕಾಗ."

ಬದುಕಿದೆ ಅಂದುಕೊಂಡೆ. ಕೊಕ್ಕೆ ನನ್ನ ಬೆನ್ನಿಗೆ ಬಿತ್ತು. ಎರಡನೆಯದು ತೊಡೆಗೆ. ಮೂರನೆಯದಕ್ಕೆ ಅಡ್ಡ ಇಟ್ಟ ಬಲಗೈ ಮುರಿದದ್ದು ಒಣ ಕಟ್ಟಿಗೆ ಮುರಿದ ಹಾಗೆ ನನಗೇ ಕೇಳಿತು. ಅಣ್ಣ ಅಂತ ಕೂಗಿದೆ. ಅವನ ಮುಖ ಕಂಡು ಕೂಗುವುದು ನಿಲ್ಲಿಸಿದೆ. ಹೊಲಿಗೆ ಬಿಚ್ಚಿ ರಕ್ತ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಅವನಿಗೆ ಅದರ ಗೋಚರವೇ ಇರಲಿಲ್ಲ. ಪಕ್ಕೆಗೆ ಬಿತ್ತು, ಮತ್ತೆ ಪಕ್ಕೆಗೆ, ಮತ್ತೂ ಬೀಳುತ್ತಲೇ ಇತ್ತು. ಜನರ ಗಲಾಟೆ ಪೂರ್ತಿ ನಿಂತುಹೋಗಿತ್ತು. ಗಿರಿಜಕ್ಕ ಅಳುತ್ತಿದ್ದರು. ಕೊನೆಗೆ ನನ್ನನ್ನು ಎಳೆದು ತಂದ ಅದೇ ಭೋಜ ಅಣ್ಣನನ್ನು ಹಿಂದಿನಿಂದ ಅಪ್ಪಿ ಹಿಡಿದ.

"ಸಾಕ್ ಪ್ರೇಮಣ್ಣ, ಇನ್ನೊಂದ್ ಬಿದ್ರೆ ಸತ್ತ್ ಹೋತ ಅಂವ."

ಅದೇ ಭೋಜನ ಜೀಪಿನಲ್ಲಿ ನನ್ನನ್ನು ಕುಂದಾಪುರದ ಆಸ್ಪತ್ರೆಗೆ ಹಾಕಿದರು. ಕೈಗೆ ಪ್ಲಾಸ್ಟರು, ಮೂರು ಪಕ್ಕೆಲುಬು ಬಿರುಕು. ಮೂರು ದಿನ ಅತ್ತಿಗೆ ಮಾತ್ರ ಬಂದರು. ಅಣ್ಣ ಕಾರ್ಡು ಸುಟ್ಟುಹೋದವರನ್ನೆಲ್ಲ ಕರೆದುಕೊಂಡು ಹೊಸ ಕಾರ್ಡಿಗೆ ಅರ್ಜಿ ಹಾಕಿಸುತ್ತಾ ಇದ್ದಾನೆ, ಅಷ್ಟೂ ಮನೆಗೆ ಒಂದು ತಿಂಗಳ ಅಕ್ಕಿ ತಾನೇ ಹಾಕುತ್ತೇನೆ ಅಂದಿದ್ದಾನೆ ಅಂತ ಹೇಳಿದರು. ಊರವರ ಬಾಯಲ್ಲಿ ಈಗ ಒಂದೇ ಮಾತಂತೆ: ಪ್ರೇಮಣ್ಣ ಬುದ್ಧಿವಂತ, ಎಲ್ಲರಿಗಿಂತ ಮೊದಲು ತಾನೇ ಹೊಡೆದು ತಮ್ಮನ ಜೀವ ಉಳಿಸಿದ. ನಾನೂ ಹಾಗೇ ಅಂದುಕೊಂಡೆ. ಅಂದುಕೊಂಡು ಒಂದಷ್ಟು ಅತ್ತೆ ಕೂಡ.

ನಾಲ್ಕನೇ ದಿನ ಮಧ್ಯಾಹ್ನ ಅವನು ಗಂಜಿ ತಂದ. ಹಾಸಿಗೆಯ ತುದಿಯಲ್ಲಿ ಕೂತು ಪಾತ್ರೆಯ ಮುಚ್ಚಳ ತೆಗೆದ. ವಿಸಿಡಿ ಮಿಷನ್ ತಂದಿಟ್ಟಿದ್ದೇನೆ, ತಟ್ಟೆ ಯಾವುದು ಬೇಕೋ ನೀನೇ ಆರಿಸು ಅಂದ. ಮುಂಬೈಗೆ ಹೋಗುವ ಮಾತು ಎತ್ತಲಿಲ್ಲ. ಎರಡು ತಿಂಗಳು ನಾನು ಬಾಯಿ ಬಡಿದುಕೊಂಡದ್ದು ಇದಕ್ಕೇ, ಆದರೆ ನನಗೆ ಬೇಕಾದದ್ದು ಈಗ ಬೇರೆಯೇ ಇತ್ತು.

"ಅಣ್ಣ, ಅವ್ರ್ ನನ್ನ ಕೊಲ್ಲುಕಾಗ ಅಂದೇಳಿ ಹೊಡ್ದದ್ದ್ ಅಲ್ದಾ ನೀನ್?"

ಅವನು ಉಪ್ಪಿನಕಾಯಿಯನ್ನು ಗಂಜಿಗೆ ಕಲಸಿದ. ಅವನು ಸುಳ್ಳು ಹೇಳುವ ಪೈಕಿ ಅಲ್ಲ.

"ಮೊದ್ಲಿನ್ ಎರ್ಡ್ ಅದ್ಕೇ. ಮತ್ತಿಂದೆಲ್ಲ ನಂದೇ."

ನಾನು ಎಣಿಸಿದ್ದೆ, ಒಟ್ಟು ಒಂಬತ್ತು ಏಟು. ಅವನು ಚಮಚ ತುಂಬಿ ನನ್ನ ಬಾಯಿಯ ಹತ್ತಿರ ಹಿಡಿದ. ನಾನು ಬಾಯಿ ತೆರೆದೆ.