‘ಡಿ’ ಎಂದರೆ...

ಬ್ರಾಂಕ್ಸಿನ ಉದ್ಯಾನದ ಮೇಪಲ್ ಮರಗಳು ತಮ್ಮ ಕಟ್ಟಕಡೆಯ ಅರುಣವರ್ಣವನ್ನು ಗಾಳಿಗೆ ಒಪ್ಪಿಸಿ, ಬರಿದಾದ ಕೊಂಬೆಗಳ ನಡುವಿನಿಂದ ನವೆಂಬರಿನ ಇಳಿಬಿಸಿಲನ್ನು ಸೋಸಿ ಸೋಸಿ ಐದನೆಯ ಮಹಡಿಯ ಕಿಟಕಿಯೊಂದಕ್ಕೆ ಸುರಿಯುತ್ತಿದ್ದ ಭಾನುವಾರದ ಅಪರಾಹ್ನ... ಸಹೃದಯರೇ, ಗತಕಾಲವೇ ಮೆಟ್ಟಿಲೇರಿ ಬಂದು ಹೊಸಿಲಲ್ಲಿ ನಿಂತಂತೆ ಭಾಸವಾಗುವ ಹೊತ್ತು ಅದು! ಎಪ್ಪತ್ತೊಂದರ ಗಿಟೆಲ್, ಗಾಜಿನ ಲೋಟದ ಚಹಾದಲ್ಲಿ ನಿಂಬೆಯ ಬಿಲ್ಲೆ ತೇಲಿಬಿಟ್ಟು, ಕಂಪ್ಯೂಟರಿನ ಮುಂದೆ ಕುಳಿತಳು. ‘ಮುಂದುವರಿಯುತ್ತಿರುವ ಆರಂಭಿಗರ’ ಆನ್‌ಲೈನ್ ಯಿಡ್ಡಿಷ್ ತರಗತಿ ಮುಗಿಯಲು ಇನ್ನು ಎರಡೇ ಪಾಠಗಳು ಉಳಿದಿದ್ದವು.

ಬಾಲ್ಯದಲ್ಲಿ ಆ ಭಾಷೆ, ಪೂರ್ವ ಯುರೋಪಿನ ಯಹೂದಿಗಳ ಮನೆಮಾತು, ಅವಳ ಸುತ್ತ ಹರಿದಿತ್ತು, ಆದರೆ ಅವಳಿಗಾಗಿ ಅಲ್ಲ. ಮಕ್ಕಳಿಗೆ ತಿಳಿಯಬಾರದ್ದನ್ನೆಲ್ಲ ಹಿರಿಯರು ಅದರಲ್ಲೇ ಆಡಿಕೊಳ್ಳುತ್ತಿದ್ದರು. ಪೋಲೆಂಡಿನ ಲೋಡ್ಜ್ ಊರಿನಿಂದ ಬಂದ ಅಜ್ಜಿಯೊಬ್ಬಳು ಮಾತ್ರ, ಹಿಟ್ಟು ಮೆತ್ತಿದ ಬೆರಳಿನಿಂದ ಮೊಮ್ಮಗಳ ಗಲ್ಲ ಮುಟ್ಟಿ, “ಡಿ” ಎನ್ನುತ್ತಿದ್ದಳು. ನೀನು. ಲೋಕದಲ್ಲಿ ಬೇರಾರೂ ಇಲ್ಲವೆಂಬಂತೆ, ನೀನು...

ತರಗತಿಯಲ್ಲಿ ವಾರವಾರವೂ ಅವಳಿಗೆ ಜೊತೆಯಾಗುತ್ತಿದ್ದವನು ಮಾಂಟ್ರಿಯಲ್‌ನ ಗೆರ್ಶನ್. ನಲವತ್ತು ವರ್ಷ ಪಿಯಾನೊಗಳಿಗೆ ಶ್ರುತಿ ಕೂಡಿಸಿ ನಿವೃತ್ತನಾದ ವಿಧುರ. ಅವನ ನಗು ತೆರೆಯ ಮೇಲೆ ಮೂಡಿದಾಗಲೆಲ್ಲ ಅವಳ ವೈಧವ್ಯದ ಮೌನದಲ್ಲಿ ದೀಪವೊಂದು ಹತ್ತಿಕೊಳ್ಳುತ್ತಿತ್ತು. ಆದರೂ ಅವನದು ಸದಾ ‘ನೀವು’. ತರಗತಿ ಮುಗಿದರೆ ಆ ಮುಖವೂ ಆರಿಹೋಗುವುದು. ವಿಳಾಸ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಗೆರ್ಶನ್ ಅವ್ರೇ, ಮೈಕ್ ಹಾಕ್ಕೊಳ್ಳಿ. ಮೀನಿನ ಥರ ಬಾಯಿ ಆಡಿಸ್ತಿದ್ದೀರಿ” ಎಂದು ಛೇಡಿಸಿ, ತರುಣಿ ಶಿಕ್ಷಕಿ ಬ್ರೈನಾ ಒಂದೊಂದು ಜೋಡಿಯನ್ನೂ ತೆರೆಯ ಮೇಲಿನ ಒಂದೊಂದು ಪ್ರತ್ಯೇಕ ಕೋಣೆಗೆ ಕಳಿಸಿದಳು.

ಗೆರ್ಶನ್ ಪುಸ್ತಕದ ಪ್ರಶ್ನೆ ಓದಿದ: “ಯಾರಿಲ್ದಿದ್ರೆ ನಿಮಗೆ ಬಿಕೋ ಅನ್ಸುತ್ತೆ?”

ಹತ್ತು ವಾರ ಅದುಮಿಟ್ಟದ್ದು ಅಜ್ಜಿಯ ನಾಲಗೆಯಿಂದಲೇ ಜಾರಿತು. “ಡಿ.”

ಆದರೆ ಪುಸ್ತಕದ ಯಿಡ್ಡಿಷಿನಲ್ಲಿ ‘ನೀನು’ ಎಂಬುದಕ್ಕೆ ‘ಡು’. ‘ಡಿ’ ಎಂಬುದು, ಇಂಗ್ಲಿಷಿನ ‘ದಿ’ಯಂತೆ, ಸ್ತ್ರೀಲಿಂಗದ ಹೆಸರುಗಳಿಗೆ ಮೊದಲು ಬರುವ ಬರಿಯ ಪುಟ್ಟ ಪದ. ಗೆರ್ಶನ್ ಮುಂದಿನ ಹೆಸರಿಗಾಗಿ ಪೆನ್ನು ಹಿಡಿದು ಕಾದ.

“ಡಿ... ಏನು? ತಂಗಿನಾ, ಚಿಕ್ಕಮ್ಮನಾ?”

ಅವಳ ಕೆನ್ನೆ ಬಿಸಿಯಾಯಿತು. “ಬೆಕ್ಕು.”

“ನಿಮ್ಮನೇಲಿ ಬೆಕ್ಕಿದೆ ಅಂತ ಗೊತ್ತೇ ಇರ್ಲಿಲ್ಲ. ಹೆಸರೇನು?”

“ಇನ್ನೂ ಇಟ್ಟಿಲ್ಲ.”

ಆ ವಾರವೆಲ್ಲ ಅವಳು ತನ್ನನ್ನು ತಾನೇ ಬೈದುಕೊಂಡಳು. ಕೊನೆಯ ಭಾನುವಾರ ಬಂದಿತು. ಬ್ರೈನಾ ಅಂದು ಊರೂರಿನ ಉಚ್ಚಾರ ಹೇಳಿಕೊಟ್ಟಳು.

“ನಾವು ‘ಉ’ ಅನ್ನೋ ಕಡೆ ಪೋಲೆಂಡ್ ಕಡೆಯವ್ರು ‘ಇ’ ಅಂತಾರೆ. ಡು ಅನ್ನೋದು ಅವ್ರ ಬಾಯಲ್ಲಿ ಡಿ. ಲಿಥುವೇನಿಯಾದವ್ರು ಅದಕ್ಕೆ ನಗ್ತಾರೆ. ಮೀನಿನುಂಡೆಗೆ ಸಕ್ಕರೆ ಹಾಕದೆ ಮೆಣಸು ಹಾಕೋ ಜನ, ಅವ್ರ ಮಾತು ಬಿಡಿ.”

ತೆರೆಯ ಪುಟ್ಟ ಚೌಕದಲ್ಲಿ ಗೆರ್ಶನ್‌ನ ಪೆನ್ನು ನಿಂತುಹೋದುದನ್ನು ಗಿಟೆಲ್ ಕಂಡಳು. ಜೋಡಿಗಳ ಕೋಣೆ ತೆರೆದಾಗ ಅವನು ತೆರೆಯ ಹತ್ತಿರಕ್ಕೆ ಬಾಗಿದ. ಅವನ ಹಿಂದಿನ ಕಿಟಕಿಯಾಚೆ ಹಿಮ ಉದುರುತ್ತಿತ್ತು.

“ಆ ಬೆಕ್ಕು...”

“ಬೆಕ್ಕಿಲ್ಲ” ಎಂದಳು ಗಿಟೆಲ್.

“ಒಂದು ತಂತಿ ಕೂದಲೆಳೆಯಷ್ಟು ಇಳಿದಿದ್ರೂ ಹಿಡೀತಿದ್ದ ಕಿವಿ ಇದು. ಎಂಥ ಕತ್ತೆಗಿವಿ ನೋಡಿ.” ಅವನು ಕನ್ನಡಕ ತೆಗೆದ. “ನಮ್ಮಮ್ಮ ಲಿಥುವೇನಿಯಾದ ವಿಲ್ನಾದವಳು. ನಿಮ್ಮ ಕಡೆಯವ್ರ ಹಾಗೆ ಮಾತಾಡಿದ್ರೆ ಊಟಕ್ಕೇ ಕರೀತಿರ್ಲಿಲ್ಲ.”

“ಹಾಗಾದ್ರೆ ಆಡ್ಬೇಡಿ.”

ಆದರೆ ಅವನು ಆಡಿದ. ತಾಯಿಯ ಊರಿನ ಉಚ್ಚಾರವನ್ನು ಬದಿಗಿಟ್ಟು, ಅಭ್ಯಾಸವಿಲ್ಲದ ನಾಲಗೆಯನ್ನು ಮೆಲ್ಲನೆ ತಿರುಗಿಸಿ, ಹೊಸ ವಾದ್ಯದ ಮೊದಲ ಸ್ವರ ಮೀಟುವವನಂತೆ ಹೇಳಿದ: “ನನಗೂ... ಡಿ.”

ಅರುವತ್ತು ವರ್ಷಗಳಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಕೋಣೆ ಮುಚ್ಚಲು ಇನ್ನು ಹತ್ತೇ ಸೆಕೆಂಡುಗಳಿವೆಯೆಂದು ತೆರೆಯ ಮೇಲಿನ ಅಂಕಿ ಎಚ್ಚರಿಸುತ್ತಿರಲು, ಅವಳು ತನ್ನ ಫೋನ್ ನಂಬರು ಹೇಳತೊಡಗಿದಳು, ಯಿಡ್ಡಿಷಿನಲ್ಲೇ, ಒಂದೊಂದೇ ಅಂಕಿಯಾಗಿ. ಅವನು ಒಂದನ್ನೂ ತಪ್ಪದೆ ಬರೆದುಕೊಂಡ.

ಮನುಷ್ಯನು ತನ್ನ ತಾಯಿಯ ನುಡಿಯನ್ನು ಎಷ್ಟು ಜತನದಿಂದ ಕಾಪಾಡುತ್ತಾನೆ... ಆದರೆ ಪ್ರೀತಿ ಬಂದು ಎದುರು ನಿಂತಾಗ, ಅದರ ಒಂದು ಸ್ವರವನ್ನು ಇನ್ನೊಬ್ಬರ ಅಜ್ಜಿಗೆ ಬಿಟ್ಟುಕೊಡುವುದು ಅವನಿಗೆ ನಷ್ಟವೆನಿಸುವುದೇ ಇಲ್ಲ.